ರಾಣಿಯ ಸೀರೆ

ಗೊಂಬೆ ಬಳಗದಲ್ಲಿ ಅಂಬುಜಮ್ಮನವರು ಒಂದು ಮಾತು ಹೇಳಿದರೆ ಅದರ ಮೇಲೆ ಮಾತಿರಲಿಲ್ಲ. ಬಳಗವೆಂದರೆ ವಾಟ್ಸ್ಯಾಪಿನ ಒಂದು ಗುಂಪು. ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರದ ಕಡೆ ದಸರಾಕ್ಕೆ ಗೊಂಬೆ ಕೂರಿಸುವವರು, ಹಳೆಯ ಗೊಂಬೆ ಎಲ್ಲಿ ಸಿಕ್ಕುತ್ತದೆಂದು ಹುಡುಕುತ್ತಲೇ ಇರುವವರು ಅದರಲ್ಲಿದ್ದರು. ಅಂಬುಜಮ್ಮನವರು ರಾಮನಗರದಲ್ಲಿ ಕಾಲೇಜು ಮಕ್ಕಳಿಗೆ ಚರಿತ್ರೆ ಹೇಳಿ ನಿವೃತ್ತರಾದವರು. ಚಿತ್ರ ನೋಡಿಯೇ ಇದು ಮರ, ಇದು ಮಣ್ಣು, ಇದು ಮೊನ್ನೆ ಬಣ್ಣ ಹೊಡೆದದ್ದು ಎಂದುಬಿಡುತ್ತಿದ್ದರು.

ಹೋದ ವರ್ಷ ಚನ್ನಪಟ್ಟಣದ ರಮ್ಯಾ ಮೋಸ ಹೋದಳು. ಆಗಿನಿಂದ ಅಂಬುಜಮ್ಮನವರು ಬಳಗಕ್ಕೆ ಕಾವಲು ನಿಂತರು. ಫೇಸ್‌ಬುಕ್ಕಿನಲ್ಲಿ ಯಾವನೋ ರಕ್ತಚಂದನದ ಪಟ್ಟದ ಗೊಂಬೆಗಳೆಂದು ರಾಜ ರಾಣಿಯರ ಚಿತ್ರ ಹಾಕಿದ್ದ. ರಮ್ಯಾ ಫೋನಿನಲ್ಲೇ ದುಡ್ಡು ಕಳಿಸಿದಳು. ಪಾರ್ಸೆಲ್ಲು ಬಂತು, ಜರಿ ಸೀರೆ ಬಿಚ್ಚಿದರೆ ಒಳಗೆ ಆಟದ ಸಾಮಾನಿನಂಗಡಿಯ ಪ್ಲಾಸ್ಟಿಕ್ ಬೊಂಬೆ.

"ಮನೇಲಿ ಹೇಳಿಲ್ಲ ಮೇಡಂ. ಹೇಳಿದ್ರೆ ಬೈಯೋದಿಲ್ಲ, ನಗ್ತಾರೆ. ಅದೇ ಕಷ್ಟ," ಎಂದು ರಮ್ಯಾ ಅತ್ತದ್ದು ಅಂಬುಜಮ್ಮನವರ ಕಿವಿಯಲ್ಲಿ ಬಹಳ ದಿನ ಉಳಿಯಿತು.

ಹಾಗಾಗಿ ಅವರು ಒಂದು ಕಟ್ಟಳೆ ಮಾಡಿದರು. ಮಾರುವವರು ವಿಡಿಯೋ ಕಾಲಿಗೆ ಬರಬೇಕು. ಗೊಂಬೆಯ ಬಟ್ಟೆ ತೆಗೆದು ಮರ ತೋರಿಸಬೇಕು. ತೋರಿಸದವರ ಹತ್ತಿರ ವ್ಯವಹಾರ ಬೇಡ. ಈ ಕಟ್ಟಳೆಗೆ ಇಬ್ಬರು ಮೋಸಗಾರರು ಸಿಕ್ಕಿಬಿದ್ದರು. ಗುಂಪಿನ ತುಂಬ ಕೈಮುಗಿದ ಚಿತ್ರಗಳು ಬಂದವು. ಅಂಬುಜಮ್ಮನವರಿಗೆ ಅದು ಹಿತವಾಗಿತ್ತು.

ಈ ಸಲ ಪಿತೃಪಕ್ಷ ಶುರುವಾಗುವ ಹೊತ್ತಿಗೆ ಮಾಗಡಿಯ ನಾಗರಾಜು ಫೋನು ಮಾಡಿದ. ಕೈಲಾಂಚ ಹಳ್ಳಿಯಲ್ಲಿ ಒಂದು ಜೊತೆ ಪಟ್ಟದ ಗೊಂಬೆ ಮಾರಾಟಕ್ಕಿದೆಯಂತೆ, ಮೇಡಂ ಒಮ್ಮೆ ನೋಡಿ ಹೇಳಿದರೆ ಧೈರ್ಯ ಎಂದ. ಅವನು, ಅಂಬುಜಮ್ಮನವರು, ಮಾರುವವರು ಒಂದೇ ವಿಡಿಯೋ ಕಾಲಿನಲ್ಲಿ ಸೇರಿದರು. ಆ ಕಡೆ ಮಾನ್ಯ ಅನ್ನುವ ಹುಡುಗಿ ಫೋನು ಹಿಡಿದಿದ್ದಳು. ಹಿಂದೆ ಅವಳಜ್ಜಿ ದಾಸಮ್ಮ, ತಗಡಿನ ಪೆಟ್ಟಿಗೆಯ ಮೇಲೆ ರಾಜ ಮತ್ತು ರಾಣಿ. ರಾಣಿಗೆ ಗಿಳಿಹಸಿರು ಸೀರೆ, ಕೆಂಪಂಚು.

"ನಿಮಗೆ ಎಲ್ಲಿಂದ ಬಂದ್ವಮ್ಮ ಇವು?"

"ನಮ್ಮವ್ವ ರಾಮನಗರದಾಗೆ ಒಬ್ರು ಅಮ್ಮೋರ ಮನೆ ಕೆಲ್ಸ ಮಾಡ್ತಿದ್ಲು. ಅವ್ರಿಗೆ ಮಕ್ಳಿರ್ಲಿಲ್ಲ. ನನ್ ಮದ್ವೇಲಿ ತಂದು ಮಡ್ಲಿಗಾಕುದ್ರು. ನಮ್ ಕಡೆ ಗೊಂಬೆ ಕೂರ್ಸೋ ಪದ್ಧತಿ ಇಲ್ಲ ಕಣವ್ವ. ಪೆಟ್ಗೇಲೇ ಯಾಕಿರ್ಬೇಕು, ಕೂರ್ಸೋರ ಮನೆಗೋಗ್ಲಿ ಅಂತ," ಎಂದಳು ದಾಸಮ್ಮ.

ಮನೆಗೆಲಸದವಳ ಮಗಳ ಮನೆಯಲ್ಲಿ ಪಟ್ಟದ ಗೊಂಬೆ. ಅಂಬುಜಮ್ಮನವರಿಗೆ ಕಥೆ ತೀರ ಚೆನ್ನಾಗಿದೆ ಅನ್ನಿಸಿತು. ಮೋಸ ಮಾಡುವವರ ಕಥೆಗಳೆಲ್ಲ ಚೆನ್ನಾಗಿಯೇ ಇರುತ್ತವೆ.

"ಸರಿ, ರಾಣಿಯ ಸೀರೆ ತೆಗೆದು ಮರ ತೋರಿಸಿ."

"ಅದಾಗಕಿಲ್ಲ."

"ಯಾಕೆ?"

"ಗಂಡಸ್ರವ್ರಲ್ಲ ಫೋನಾಗೆ."

ನಾಗರಾಜು ನಕ್ಕುಬಿಟ್ಟ. "ಏನಮ್ಮೋ, ಗೊಂಬೆಗೂ ನಾಚ್ಕೆಯಾ?"

"ಗೊಂಬೆಗಿಲ್ದಿದ್ರೆ ನಂಗೈತೆ ಕಣಪ್ಪ. ಮನೇಗ್ ಬನ್ನಿ ಅಮ್ಮೋರೆ, ಮುಟ್ಟಿ ನೋಡಿ. ಈ ಫೋನಾಗೆ ಬಿಚ್ಚುದ್ರೆ ಆ ಚಿತ್ರ ಯಾರ್ಯಾರ ತಾವ ಹೋಯ್ತದೋ," ಎನ್ನುತ್ತ ದಾಸಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಅದೇ ಕ್ಷಣದ ಚಿತ್ರವನ್ನು ಅಂಬುಜಮ್ಮನವರು ಫೋನಿನಲ್ಲಿ ಹಿಡಿದುಕೊಂಡರು. ಹಿಂದೆ ಸಿಕ್ಕಿಬಿದ್ದ ಇಬ್ಬರೂ ಮನೆಗೆ ಬನ್ನಿ ಎಂದೇ ಹೇಳಿದ್ದರು, ಕೊಟ್ಟ ವಿಳಾಸ ಸುಳ್ಳಾಗಿತ್ತು. ಆ ಚಿತ್ರ ಹಾಕಿ ಬಳಗಕ್ಕೆ ಬರೆದರು: ಎಚ್ಚರಿಕೆ. ಕೈಲಾಂಚದ ಈ ಹೆಂಗಸು ಬಟ್ಟೆಯೊಳಗಿನ ಮರ ತೋರಿಸಲು ಒಪ್ಪುತ್ತಿಲ್ಲ. ಯಾರೂ ಹಣ ಕಳಿಸಬೇಡಿ. ಸಂಜೆಯೊಳಗೆ ಯಾರೋ ಅದರ ಮೇಲೆ ಕೆಂಪಕ್ಷರದಲ್ಲಿ 'ಮೋಸ' ಎಂದು ಬರೆದು ಬೇರೆ ಗುಂಪುಗಳಿಗೂ ಹಾಕಿದರು. ಮುಖ ಮುಚ್ಚಿಕೊಳ್ತಾಳೆ ನೋಡಿ ಕಳ್ಳಿ, ಎಂದು ಒಬ್ಬರು. ಕೈಮುಗಿದ ಚಿತ್ರಗಳು ಎಂದಿನಂತೆ ಬಂದವು.

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಅಂಬುಜಮ್ಮನವರು ತಮ್ಮ ಗೊಂಬೆಗಳನ್ನು ಇಳಿಸಿ ಒರೆಸಿ ಕೋಣೆಯಲ್ಲಿ ಹರಡಿಕೊಂಡು ಕೂತರು. ರಾಣಿಗೆ ಅವರ ತಾಯಿಯ ಧಾರೆಸೀರೆಯ ತುಂಡೊಂದಿತ್ತು, ವರ್ಷಕ್ಕೊಮ್ಮೆ ಉಡಿಸುವುದು. ಹಳೆಯದನ್ನು ಬಿಚ್ಚಿ ಹೊಸ ನಿರಿಗೆ ಹಿಡಿಯುತ್ತಿದ್ದರು.

ಬಾಗಿಲು ಬಡಿದ ಸದ್ದಾಯಿತು. ಸೊಸೆ ಅನು.

"ಯಾಕತ್ತೆ ಚಿಲಕ ಹಾಕ್ಕೊಂಡ್ರಿ? ಕಾಫಿ ಆರಿಹೋಗತ್ತೆ."

"ಇರಮ್ಮ, ರಾಣಿಗೆ ಸೀರೆ ಉಡಿಸ್ತಾ ಇದ್ದೀನಿ."

ಹೇಳಿದ ಮಾತು ಅವರ ಕಿವಿಗೇ ಬಿತ್ತು. ಚಿಲಕ ಹಾಕಿದ್ದು ಯಾವಾಗ? ನೆನಪೇ ಇಲ್ಲ. ಪ್ರತಿ ವರ್ಷವೂ ಹಾಕುತ್ತಿದ್ದರು. ಅವರ ತಾಯಿ ಹಾಗೇ ಮಾಡುತ್ತಿದ್ದರು. ರಾಣಿಯ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಅಪ್ಪ ಬಂದರೆ "ಒಂದ್ನಿಮಿಷ ಹೊರಗಿರಿ" ಎನ್ನುತ್ತಿದ್ದರು. ಅಪ್ಪ ನಗದೆ ಹೊರಗೆ ನಿಲ್ಲುತ್ತಿದ್ದರು. ಈಗಲೂ ಅಂಬುಜಮ್ಮನವರ ಕೈಯಲ್ಲಿದ್ದ ರಾಣಿ ಗೋಡೆ ನೋಡುತ್ತಿದ್ದಳು.

ನಿರಿಗೆಯನ್ನು ಕೆಳಗಿಟ್ಟರು. ಒಂದು ಗೊಂಬೆಗೆ ತಾವು ಸಲ್ಲಿಸುವ ಮರ್ಯಾದೆಯನ್ನು ಇನ್ನೊಬ್ಬಳು ಸಲ್ಲಿಸಿದ್ದಕ್ಕೆ ಅವಳನ್ನು ಮೋಸಗಾತಿ ಎಂಬಂತೆ ಬರೆದಿದ್ದರು. ಆ ಗೊಂಬೆ ಮರದ್ದೋ ಪ್ಲಾಸ್ಟಿಕ್ಕೋ ಇನ್ನೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಬರೆದಿದ್ದರು.

ಬಳಗದಲ್ಲಿದ್ದ ಎಚ್ಚರಿಕೆಯನ್ನು ಅಳಿಸಿದರು. ಬೇರೆಡೆಗೆ ಹೋದದ್ದು ಅಳಿಯಲಿಲ್ಲ. ಮಾನ್ಯಳಿಗೆ ಫೋನು ಮಾಡಿದರು.

"ಅಜ್ಜಿ ಡೈರಿಗೆ ಹಾಲಾಕಕೋಗದೇ ಬುಟ್ಬುಟ್ಟವ್ರೆ," ಎಂದಳು ಹುಡುಗಿ. "ಆ ಫೋಟೋ ನಮ್ಮೂರ್ ಗ್ರೂಪ್ಗೂ ಬಂತು. ಹಾಲ್ಗೂ ಹಂಗೇ ಏನಾರ ಬೆರಸ್ತೀಯೇನಮ್ಮಿ ಅಂತ ಕೇಳುದ್ರಂತೆ."

ಮಾರನೆಯ ದಿನ ಅಂಬುಜಮ್ಮನವರು ಕೈಲಾಂಚದ ಬಸ್ಸು ಹತ್ತಿದರು. ಜೊತೆಗೆ ಬರುತ್ತೇನೆಂದ ಅನುವನ್ನು ಬೇಡವೆಂದರು.

ಬಾಗಿಲಲ್ಲಿ ದನಿ ಕೇಳಿಯೇ ದಾಸಮ್ಮ ಗುರುತು ಹಿಡಿದಳು. ಬಿಸಿಲಲ್ಲಿ ಬಂದವರೆಂದು ಚೊಂಬಿನ ನೀರು, ಬೆಲ್ಲದ ಚೂರು ತಂದಿಟ್ಟಳು. ಅಂಬುಜಮ್ಮನವರು ಬೆಲ್ಲವನ್ನು ಕೈಯಲ್ಲೇ ಹಿಡಿದುಕೊಂಡರು.

"ತಪ್ಪು ಮಾಡಿದೆ ಕಣಮ್ಮ," ಎಂದರು.

"ಬನ್ನಿ ಒಳೀಕೆ," ಎಂದಳು ದಾಸಮ್ಮ. ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ರಾಣಿಯನ್ನು ಎತ್ತಿಕೊಂಡು ಸೀರೆಯ ಗಂಟಿಗೆ ಕೈ ಹಾಕಿದಳು.

"ಬೇಡಮ್ಮ, ಬೇಡ. ನಂಬ್ತೀನಿ ನಾನು."

"ಹಂಗಾದ್ರಾಗಕಿಲ್ಲ. ಆವತ್ತು ನೋಡ್ದೇ ಅಂದ್ರಿ. ಇವತ್ತು ನೋಡ್ದೇ ಒಪ್ಕಬೇಡಿ. ನೋಡಿ ಹೇಳಿ."

ಅಂಬುಜಮ್ಮನವರು ನೋಡಿದರು. ಕೆಂಪು ಮರ, ಎತ್ತಿ ಎತ್ತಿ ಸೊಂಟದ ಹತ್ತಿರ ನುಣುಪಾಗಿದ್ದ ಮರ. ಅವರ ಮನೆಯ ರಾಣಿಗೂ ಅಲ್ಲೇ ಹಾಗೇ ನುಣುಪಾಗಿತ್ತು. ದಾಸಮ್ಮ ಬೇಗ ಬೇಗ ಸೀರೆ ಸುತ್ತಿ, ಸೆರಗನ್ನು ಸರಿಮಾಡಿದಳು.

"ಅಸಲಿನೇ," ಎಂದರು ಅಂಬುಜಮ್ಮನವರು.

"ಅದು ನಂಗೊತ್ತು. ಡೈರಿ ತಾವ ಬಂದು ಹೇಳಿ."

ಸಂಜೆಯ ಹಾಲಿನ ಹೊತ್ತು. ಹೆಂಗಸರು ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಬೀರೇಶ್ ಅನ್ನುವವನು ಹಾಲು ಅಳೆಯುತ್ತಿದ್ದ. ಅಷ್ಟು ವರ್ಷ ತುಂಬಿದ ತರಗತಿಗಳ ಮುಂದೆ ನಿಂತವರು ಆ ಸಾಲಿನ ಮುಂದೆ ಬಂದು ನಿಂತರು. ಮಾನ್ಯಳಿಗೆ ತಮ್ಮ ಫೋನು ಕೊಟ್ಟು ವಿಡಿಯೋ ತೆಗೆಯಲು ಅವರೇ ಹೇಳಿದ್ದರು. ಅವಳು ಹಿಡಿದು ಕಾಯುತ್ತಿದ್ದಳು.

"ಆ ಫೋಟೋ ತೆಗೆದಿದ್ದು ನಾನು. ಈ ತಾಯಿ ಮೋಸಗಾತಿ ಅನ್ನೋ ಹಾಗೆ ಬರೆದಿದ್ದೂ ನಾನೇ. ಅದು ಸುಳ್ಳು. ಇವರ ಗೊಂಬೆ ಅಸಲಿ. ಇವರು ಮುಚ್ಚಿಟ್ಟಿದ್ದು ಮೋಸ ಅಲ್ಲ, ಮಾನ. ನನ್ನ ಮನೇಲಿ ನಾನೂ ಹಾಗೇ ಬಾಗಿಲು ಹಾಕ್ಕೊಳ್ತೀನಿ."

"ಕಾಲೇಜ್ ಮೇಡಮ್ಮಂತೆ," ಎಂದಳು ಹಿಂದಿನಿಂದ ಒಬ್ಬಳು. "ಮಕ್ಳಿಗೇನೇನ್ ಹೇಳ್ಕೊಟ್ಟವ್ರೋ."

"ಸುಮ್ಕಿರಮ್ಮಿ," ಎಂದ ಬೀರೇಶ್, ಒಳಗಿನಿಂದ ಕುರ್ಚಿ ತಂದಿಟ್ಟು. ಅಂಬುಜಮ್ಮನವರು ಕೂರಲಿಲ್ಲ. ಅವನು ದಾಸಮ್ಮನ ಕಡೆ ತಿರುಗಿ, "ಕ್ಯಾನ್ ಎಲ್ಲಕ್ಕ?" ಎಂದ.

"ತಂದಿಲ್ಲ. ನಾಳೀಕ್ ತತ್ತೀನಿ."

ಆ ವಿಡಿಯೋವನ್ನು ಅಂಬುಜಮ್ಮನವರು ಅಲ್ಲೇ ನಿಂತು ಬಳಗಕ್ಕೆ ಕಳಿಸಿದರು. ಈ ಸಲ ಕೈಮುಗಿದ ಚಿತ್ರಗಳು ಬರಲಿಲ್ಲ. ರಮ್ಯಾ ಒಬ್ಬಳು ಬರೆದಳು: ಮನೆ ತಲುಪಿದ ಮೇಲೆ ಫೋನ್ ಮಾಡಿ ಮೇಡಂ.

ಬಸ್ಸಿಗೆ ಕಾಯುವಾಗ ಅಂಬುಜಮ್ಮನವರು ಹಿಂಜರಿಯುತ್ತ ಕೇಳಿದರು. "ನಾಗರಾಜು ಈಗ ತಗೊಳ್ತಾನಮ್ಮ. ಹೇಳಲಾ?"

"ಯಾರ್ಗೂ ಇಲ್ಲ ಬುಡಿ. ಈ ಸತಿ ನಮ್ಮನೇಲೇ ಕೂರುಸ್ತೀನಿ. ಊರ್ನೋರೆಲ್ಲ ಬಂದ್ ನೋಡ್ಲಿ." ಬಸ್ಸಿನ ದಾರಿ ನೋಡುತ್ತ ದಾಸಮ್ಮ, "ಹೆಂಗ್ ಕೂರ್ಸೋದು ಅಂತ ಗೊತ್ತಿಲ್ಲ. ಫೋನಾಗೆ ಕೇಳ್ತೀನಿ, ಹೇಳಿ," ಎಂದಳು.

ಬಸ್ಸು ಬಂತು. ಅಂಬುಜಮ್ಮನವರ ಚೀಲವನ್ನು ದಾಸಮ್ಮನೇ ಹತ್ತಿಸಿದಳು. "ಅಮ್ಮೋರ್ನ ಒಸಿ ನೋಡ್ಕಂಡು ಇಳುಸಪ್ಪ, ಮಂಡಿನೋವೈತೆ," ಎಂದು ಕಂಡಕ್ಟರನಿಗೆ ಹೇಳಿದಳು. ಮಂಡಿನೋವಿನ ಮಾತನ್ನು ಅಂಬುಜಮ್ಮನವರು ಅವಳಿಗೆ ಹೇಳಿರಲೇ ಇಲ್ಲ. ನಡಿಗೆ ನೋಡಿ ತಿಳಿದುಕೊಂಡಿದ್ದಳು.

ಕಿಟಕಿಯ ಹೊರಗೆ ಅವಳು ಇನ್ನೂ ನಿಂತಿದ್ದಳು. ತಿರುಗಿ ನೋಡಿ ಕೈಯೆತ್ತುವುದು ಅಂಬುಜಮ್ಮನವರಿಂದ ಆಗಲಿಲ್ಲ. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕೂತರು.