ಉಪ್ಪಿನ ಜಾಗ

ಎಲೆಗಳ ಮೇಲೆ ನೀರು ಚಿಮುಕಿಸಿದ ಸದ್ದು, ಆರು ಎಲೆ, ಆರರ ತುದಿಯೂ ಎಡಕ್ಕೆ, ಇನ್ನೂ ಏನೂ ಬಡಿಸಿಲ್ಲ, ಹಸಿರು, ಬರೀ ಹಸಿರು — ಅಡಿಗೆಮನೆಯ ಗೋಡೆಯ ಮೊಳದಗಲದ ಕಿಂಡಿಗೆ ಕಣ್ಣಿಟ್ಟ ಸುಗುಣಾಳೊಳಗೆ ಸಿಲೋನಿನ ಆ ಜೌಗು ಮತ್ತೆ ಹರಡಿಕೊಂಡಿತು, ಅಲ್ಲಿಯೂ ಹೀಗೇ ಒದ್ದೆ ಹಸಿರು, ಎಡತುದಿಯಲ್ಲಿ ಒಂದು ಚಿಟಿಕೆ ಬಿಳಿ. ಹದಿನೈದು ದಿನವಾಯಿತು ಬಂದು, ಕಣ್ಣು ಇನ್ನೂ ಹಡಗಿಳಿದಿಲ್ಲ. ಕಿಂಡಿಯಾಚೆ ಅಣ್ಣನ ಮೆಸ್ಸಿನ ಊಟದ ಹಾಲಿನಲ್ಲಿ ಹಕ್ಕಿ ನೋಡುವ ಸಂಘದವರು, ಟೀಚರ್ ಗೋದಾಬಾಯಿ ಕೊಡಿಸುತ್ತಿರುವ ಊಟ, ಕಾರ್ಯದರ್ಶಿ ಬದರಿನಾಥರ ತೊಡೆಯ ಮೇಲೆ ದಪ್ಪ ರಿಜಿಸ್ಟರು, ಪೆನ್ನಿನ ಟೊಪ್ಪಿ ತೆಗೆದಾಗಿದೆ. ಕಪ್ಪು ಕೊರಳಿನ ಕೊಕ್ಕರೆ, ಮೊದಲು ಕಂಡವರು ಯಾರು, ಆ ಗೆರೆಯ ಮೇಲೆ ಇವತ್ತು ಒಂದು ಹೆಸರು ಬೀಳಬೇಕು. ನನ್ನ ಹೆಸರೇ ಹಾಕ್ಕೋತೀನಿ ಗೋದಕ್ಕಾ, ಎನ್ನುತ್ತಿದ್ದಾರೆ ಬದರಿನಾಥ, ಜೀಪ್ ಅರೇಂಜ್ ಮಾಡಿದ್ದು ನಾನು, ಬೈನಾಕ್ಯುಲರ್ ನಂದು. ಕಣ್ಣು ಯಾರದೋ, ಎಂದರು ಗೋದಾಬಾಯಿ, ಕಂಡವಳು ಸುಗುಣಾ. ಅಯ್ಯೋ ಅಕ್ಕಾ, ಅಡಿಗೆಗೆ ಕರಕೊಂಡು ಹೋದ ಹುಡುಗಿ, ಏನು ಕಂಡೆ ಅಂತ ಅವಳಿಗೇ ತೆರಿಯಾದು, ಬೆಳ್ಳಗೆ ಏನೋ ಅಂದಳು, ಕೊಕ್ಕರೆಯೋ ಒಣಹಾಕಿದ ವೇಷ್ಟಿಯೋ ಪಂಚೆಯೋ — ಎಲ್ಲರೂ ನಕ್ಕರು. ಸುಗುಣಾಳ ಕಿವಿ ಬಿಸಿಯಾಯಿತು. ಆರನೆಯ ತರಗತಿಗೆ ಶಾಲೆ ಬಿಟ್ಟವಳು, ನಾಲ್ಕು ಜನರೆದುರು ನಾಲಿಗೆ ಒಣಗುವವಳು, ನಿಜ; ಆದರೆ ಏಳು ವರ್ಷ ಈ ಕಿಂಡಿಯಲ್ಲಿ ಓದಿದ್ದಾಳೆ, ಯಾರ ಮೊಣಕೈ ಸರಿದರೆ ಸಾರು ಬೇಕು, ಯಾರ ಎಡಗೈ ಲೋಟ ಹುಡುಕುತ್ತದೆ, ಮೂರನೆಯ ಸಾಲಿನ ಕೊನೆಯವನು ಹೋಳಿಗೆಗೆ ಹೊಟ್ಟೆಯಲ್ಲಿ ಜಾಗ ಇಟ್ಟುಕೊಂಡಿದ್ದಾನೋ ಇಲ್ಲವೋ, ನೋಡಿಯೇ ಹೇಳುತ್ತಾಳೆ.

ಸಿಲೋನಿಗೆ ಅವಳನ್ನು ಹಕ್ಕಿ ನೋಡಲೆಂದು ಯಾರೂ ಕರೆದಿರಲಿಲ್ಲ, ಅದೂ ನಿಜ. ಗೋದಾಬಾಯಿಗೆ ಮಡಿ, ಪರರ ಕೈ ಅಡಿಗೆ ನಡೆಯದು, ಎಗ್ಮೋರಿನಲ್ಲಿ ನಿಮ್ಮ ಮನೆಯವರು ಬೇಯಿಸಿದ್ದೊಂದು ಸೇರುತ್ತೆ, ನಿನ್ನ ತಂಗೀನ ಕಳಿಸು ಅಂದಾಗ ರಘುರಾಮಣ್ಣ ಕೈಯಲ್ಲಿದ್ದ ಸೌಟನ್ನೇ ಮರೆತ — ಕಡಲು ದಾಟುದಾ ಟೀಚರೇ, ಎಂತ ಹೇಳುದು ನೀವು, ಮದುವೆ ಆಗ್ಲಿಕ್ಕಿರುವ ಹುಡುಗಿ. ಅದು ಕಡಲೇನೋ, ಎಂದರು ಟೀಚರು, ಎರಡು ಗಂಟೆ ಹಡಗು, ನಮ್ಮ ಟಿ. ನಗರದ ಬಸ್ಸಿಗೆ ಅದಕ್ಕಿಂತ ಹೆಚ್ಚು ಹೊತ್ತು ಕಾಯ್ತೀನಿ. ಆ ಎರಡು ಗಂಟೆ! ಧನುಷ್ಕೋಟಿಯಿಂದ ಬಿಟ್ಟದ್ದೇ ಬದರಿನಾಥರು ಕಂಬಿ ಹಿಡಿದು ವಾಂತಿ ಮಾಡುತ್ತಾ ಕೂತರು, ಅವಳು ಕೂದಲು ಬಿಚ್ಚಿ ಹಾರಿಸುವ ಗಾಳಿಗೆ ಮುಖ ಕೊಟ್ಟು ನಿಂತಳು, ಅವಲಕ್ಕಿಯ ಡಬ್ಬಿ ಕಂಕುಳಲ್ಲಿ, ಪಾಸ್‌ಪೋರ್ಟು ರವಿಕೆಯೊಳಗೆ, ಅದರೊಳಗೆ ಅವಳದೇ ಫೋಟೋ, ಅಳುಕಿದ ಕಣ್ಣು ಆದರೂ ಅವಳದೇ. ಅನುರಾಧಪುರದಲ್ಲಿ ಗುಡ್ಡದಂಥ ಇಟ್ಟಿಗೆ ಸ್ತೂಪಗಳು, ಒಂದು ಹಾಳುಮನೆಯ ಮೆಟ್ಟಿಲ ಬುಡದಲ್ಲಿ ಅರ್ಧಚಂದ್ರದ ಕಲ್ಲು, ಅದರೊಳಗೆ ಆನೆ ಕುದುರೆಗಳ ಸಾಲು, ಹಂಸಗಳ ಸಾಲು, ಒಂದೊಂದರ ಕೊಕ್ಕಿನಲ್ಲೂ ತಾವರೆ ದಂಟು. ಎಲ್ಲರೂ ಚಪ್ಪಲಿ ಬಿಟ್ಟು ಅದನ್ನೇ ತುಳಿದು ಹತ್ತಿದರು, ಅವಳು ಮಾತ್ರ ಬದಿಯಿಂದ ದಾಟಿದಳು, ಹೊಸಿಲಿನ ರಂಗೋಲಿ ತುಳಿಯುತ್ತಾರೆಯೇ, ಸಾವಿರ ವರ್ಷದ್ದಾದರೂ. ಆಮೇಲೆ ವಿಲ್ಪತ್ತು ಕಾಡು, ಜೀಪಿನ ಹಿಂದೆ ಪಾತ್ರೆಗಳ ನಡುವೆ ಅವಳು, ಎದುರಿಗೆ ಜೌಗು, ಅದರ ನಡುವೆ ಒಂದು ಆನೆ, ಗೋದಾಬಾಯಿ ದುರ್ಬೀನು ಹಿಡಿದು ತಡಕಾಡುತ್ತಿದ್ದಾರೆ, ಆ ಕಪ್ಪು ಕೊರಳನ್ನು ಕಾಣುವ ಮೂವತ್ತು ವರ್ಷದ ಆಸೆ, ಎಡಗಣ್ಣಿಗೆ ಪೊರೆ ಬಂದಿದೆ, ನೋಟ ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ ಅಂದಿದ್ದಾರೆ ಡಾಕ್ಟರು. ಎರಡು ಗಂಟೆ ದಿಕ್ಕು ನೋಡಿ ಅಕ್ಕಾ, ಎನ್ನುತ್ತಾರೆ ಬದರಿನಾಥ, ಎರಡು ಗಂಟೆ! ಅಲ್ಲಿದ್ದದ್ದು ಬಣ್ಣದ ಕೊಕ್ಕರೆ, ಗೋದಾಬಾಯಿ ಸೆರಗಿನಿಂದ ದುರ್ಬೀನಿನ ಗಾಜು ಒರೆಸುತ್ತಾರೆ, ಎಂಥ ಗಂಟೆಯೋ, ಏನೂ ತೆರಿಯಲ್ಲೋ, ಕಾಣಲ್ಲೋ. ಸುಗುಣಾಳಿಗೆ ಕಂಡಿದೆ, ಬಹಳ ಹೊತ್ತಿನಿಂದ ಕಂಡಿದೆ, ಹೇಳುವುದು ಹೇಗೆ, ದಿಕ್ಕಿಗೆ ಗಡಿಯಾರದ ಗಂಟೆ ಕಟ್ಟುವುದು ಅವಳಿಗೆ ಬಾರದು, ಬಾಯಿಗೆ ಬಂದದ್ದು ಇಷ್ಟೇ — ಅಮ್ಮಾ, ನಿಮ್ಮೆದುರು ಎಲೆ ಹಾಕಿದೆ ಅಂದ್ಕೊಳ್ಳಿ, ಅನ್ನದ ಜಾಗದಲ್ಲಿ ಆನೆ ಉಂಟು, ಉಪ್ಪಿನ ಜಾಗ ನೋಡಿ. ದುರ್ಬೀನು ತಟ್ಟನೆ ಎಡಕ್ಕೆ, ಮೇಲಕ್ಕೆ, ನಿಂತಿತು. ಅರವತ್ತು ವರ್ಷ ಎಲೆಯ ಮುಂದೆ ಕೂತವರು, ಉಪ್ಪಿನ ಜಾಗ ತಪ್ಪುವುದುಂಟೇ. ಗೋದಾಬಾಯಿಯ ಕೆನ್ನೆಯ ಮೇಲೆ ನೀರಿಳಿಯಿತು, ಅಡಿ ಪೆಣ್ಣೇ, ನನ್ನ ಹುಡುಗೀ, ಅಂದರು ಕೊನೆಗೆ, ಅಷ್ಟೇ.

ಈಗ ಕಿಂಡಿಯಲ್ಲಿ ಶೀನಣ್ಣನ ಮುಖ, ಬಡಿಸುವವನ ಅವಸರ, ಉಪ್ಪು ಕೊಡಾ ಮಾರಾಯ್ತಿ, ಎಲೆ ಒಣಗ್ತದೆ. ಉಪ್ಪು ತುಂಬಿದ ಮರದ ಮರಿಗೆ ಅವಳ ಕೈಯಲ್ಲಿದೆ. ಮನೆಯ ಹೆಂಗಸರು ಊಟದ ಹಾಲಿಗೆ ಕಾಲಿಟ್ಟದ್ದಿಲ್ಲ, ಅಮ್ಮ ಇಟ್ಟಿಲ್ಲ, ಅತ್ತಿಗೆ ವಿನೋದಾ ಇಟ್ಟಿಲ್ಲ, ಬಾಗಿಲು ಹನ್ನೆರಡು ಹೆಜ್ಜೆ, ಕಡಲು ದಾಟಿದವಳಿಗೆ ಹನ್ನೆರಡು ಹೆಜ್ಜೆ — ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ನಡೆದಳು, ಗಲ್ಲಾದಲ್ಲಿ ರಘುರಾಮಣ್ಣ ಎದ್ದು ನಿಂತದ್ದು ಕಾಣುತ್ತದೆ, ಕಾಣಲಿ. ಎದೆಯಲ್ಲಿ ಹಡಗಿನ ಯಂತ್ರ. ಬದರಿನಾಥರ ಎಲೆಯ ಮುಂದೆ ಬಗ್ಗಿ ತುದಿಯಲ್ಲಿ ಒಂದು ಚಿಟಿಕೆ ಹಾಕಿದಳು. ಹಕ್ಕಿ ಇಲ್ಲಿ ಇದ್ದದ್ದು, ನೀವು ನೋಡಿದ್ದು ಪಲ್ಯದ ಜಾಗ, ಅಂದಳು. ಸ್ವರ ಅವಳದೇ, ಅವಳಿಗೇ ಗುರುತು ಸಿಗಲಿಲ್ಲ. ಕೊರಳು ಕಪ್ಪು, ಬಿಸಿಲು ಬಿದ್ದರೆ ನೀಲಿ, ಕಾಲು ಕೆಂಪು, ಕಣ್ಣು ಹಳದಿ. ಹಳದಿಯಾ, ಎಂದರು ಬದರಿನಾಥ, ನಗು ಹೋಗಿತ್ತು, ಹಳದಿ ಕಣ್ಣಾದರೆ ಹೆಣ್ಣು, ನಾನು ಗಂಡು ಅಂತ ಬರೆದಿದ್ದೆನಲ್ಲ. ಅದನ್ನ ಹೊಡೆದು ಹಾಕೋ, ಎಂದು ಗೋದಾಬಾಯಿ ಎಲೆಯ ಪಕ್ಕ ನೆಲ ತಟ್ಟಿ ನಕ್ಕರು. ಪೆನ್ನು ಆ ಮಾತನ್ನು ಹೊಡೆದು ಹಾಕಿತು. ಆಮೇಲೆ ಬದರಿನಾಥರು ರಿಜಿಸ್ಟರನ್ನು ಅವಳ ಕಡೆ ತಿರುಗಿಸಿದರು, ನೀನೇ ಬರಿಯಮ್ಮ. ಇಂಗ್ಲಿಷ್ ಹೆಸರುಗಳ ಸಾಲಿನ ಕೆಳಗೆ ಮೂರೇ ಅಕ್ಷರ, ಕನ್ನಡದಲ್ಲಿ, ಸುಗುಣಾ, ಬೆರಳಿನ ಒದ್ದೆಗೆ ಣಾ ಸ್ವಲ್ಪ ಹರಡಿತು, ಹರಡಲಿ, ಮರಿಗೆ ಎತ್ತಿಕೊಂಡಳು, ಇನ್ನೂ ಐದು ಎಲೆ ಇದೆ, ಅಣ್ಣ ಏನೋ ಕರೆಯುತ್ತಿದ್ದಾನೆ, ಕೇಳಿಸುತ್ತಿಲ್ಲ, ಹಸಿರು, ಒದ್ದೆ ಹಸಿರು, ಎಡತುದಿಯಲ್ಲಿ ಒಂದು ಚಿಟಿಕೆ ಬಿಳಿ —