ಬಾಣಂತಿ ಖೋಲಿಯ ಮೊಬೈಲು

ನಾನು ಒಂದು ಮೊಬೈಲು. ಜಗತ್ತೆಲ್ಲ ನನ್ನೊಳಗೆ ಇದೆ ಎಂದು ಜನ ಹೊಗಳುತ್ತಾರೆ. ಆದರೆ ಹುಟ್ಟಿದ ಗಳಿಗೆಯಿಂದ ನನ್ನನ್ನೇ ಒಂದಿಲ್ಲೊಂದರ ಒಳಗೆ ತುರುಕುತ್ತ ಬಂದಿದ್ದಾರೆ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕೈಗವಸು ತೊಟ್ಟ ಹುಡುಗಿಯೊಬ್ಬಳು ಕಾರ್ಖಾನೆಯಲ್ಲಿ ನನ್ನ ಗಾಜನ್ನು ಒತ್ತಿ ಕೂರಿಸಿದಳು. ಅವಳ ಮುಖವನ್ನು ಸರಿಯಾಗಿ ನೋಡುವ ಮೊದಲೇ ಮೈಗೆ ಪ್ಲಾಸ್ಟಿಕ್ ಹಾಳೆ ಬಂತು, ಮೇಲೊಂದು ಡಬ್ಬಿ ಬಂತು, ಡಬ್ಬಿಯ ಮೇಲೆ ಪೆಟ್ಟಿಗೆ ಬಂತು. ಲಾರಿಯ ಕತ್ತಲೆಯಲ್ಲಿ ಮಲಗಿ ಊರೂರು ದಾಟಿದೆ. ಕಣ್ಣು ಬಿಟ್ಟಿದ್ದು ಗದಗಿನ ಒಂದು ಅಂಗಡಿಯಲ್ಲಿ.

ನನ್ನ ಮೊದಲ ಯಜಮಾನ ವೀರೇಶ. ಅವನದು ಮೋಟಾರು ಬಿಡಿಭಾಗಗಳ ಅಂಗಡಿ. ಅವನ ಪ್ಯಾಂಟಿನ ಜೇಬಿನಲ್ಲಿ ಬೀಗದ ಕೈಗಳ ಜೊತೆ ಸಂಸಾರ ಮಾಡಿದೆ. ಅವನ ಹೆಬ್ಬೆರಳಿನ ಗ್ರೀಸು ಇನ್ನೂ ನನ್ನ ಮೂಲೆಯಲ್ಲಿ ಉಳಿದಿದೆ. ಅವನಿಗೆ ಹೊಸ ಮೊಬೈಲು ಬಂದಾಗ ನಾನು ಹೆಂಡತಿ ಅಂಬಿಕಾಳ ಪಾಲಾದೆ. ಗಂಡನ ಕೈಯಲ್ಲಿ ಹಳತಾದ ಮೊಬೈಲು ಹೆಂಡತಿಗೆ ಹೊಸದು, ಇದು ಆ ಮನೆಯ ಪದ್ಧತಿ. ನನಗೇನೂ ಬೇಜಾರಾಗಲಿಲ್ಲ. ನನ್ನ ಒಳ್ಳೆಯ ದಿನಗಳು ಶುರುವಾದದ್ದೇ ಆಮೇಲೆ.

ಅಂಬಿಕಾ ಪಕ್ಕದೂರಿನ ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಅದೇ ಶಾಲೆಯ ಶಬಾನಾ ಅವಳ ಜೀವದ ಗೆಳತಿ. ದಿನಾ ಬಸ್ಸಿನಲ್ಲಿ ಇಬ್ಬರೂ ಅಂಟಿಕೊಂಡು ಕುಳಿತು, ಕಿವಿಗೊಂದರಂತೆ ಇಯರ್‌ಫೋನು ಹಂಚಿಕೊಂಡು ನನ್ನನ್ನು ನಡುವೆ ಹಿಡಿಯುತ್ತಿದ್ದರು. ಅವರು ನೋಡುತ್ತಿದ್ದುದು ‘ಮುಚ್ಚಿದ ಮಹಡಿ’ ಎಂಬ ಕೊರಿಯಾ ದೇಶದ ಧಾರಾವಾಹಿ. ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಯಾರೋ ಒಬ್ಬೊಬ್ಬರನ್ನೇ ಮನೆಯೊಳಗೆ ಕೂಡಿ ಹೊರಗಿನಿಂದ ಬೀಗ ಜಡಿಯುತ್ತಾರೆ. ಯಾರು, ಯಾಕೆ, ಗೊತ್ತಿಲ್ಲ. ಹೇ-ರಿನ್ ಎಂಬ ನರ್ಸು ಅದನ್ನು ಹುಡುಕಿಕೊಂಡು ಹೊರಡುತ್ತಾಳೆ. ಮಾತೆಲ್ಲ ಕೊರಿಯನ್, ಕೆಳಗೆ ಇಂಗ್ಲಿಷ್ ಸಾಲುಗಳು. ಮೊದಲ ಭಾಗದ ಕೊನೆಯ ಕಂತಿನಲ್ಲಿ ಹೇ-ರಿನ್ ಕಿಟಕಿಯೇ ಇಲ್ಲದ ಕೋಣೆಗೆ ಕಾಲಿಟ್ಟಳು. ಹಿಂದೆ ಬಾಗಿಲು ಮುಚ್ಚಿತು. ಅಷ್ಟೇ, ಮುಗಿಯಿತು.

“ಇಷ್ಟಕ್ಕ ಬಿಟ್ಟು ಹೋದ್ರ ಹೆಂಗವಾ!” ಎಂದು ಶಬಾನಾ ಕೂಗಿದ ಕೂಗಿಗೆ ಕಂಡಕ್ಟರು ಸೀಟಿ ಊದಿ ಬಸ್ಸು ನಿಲ್ಲಿಸಿಬಿಟ್ಟ.

ಅಲ್ಲಿಂದ ಕಾಯುವುದೇ ಕಾಯುವುದು. ವರ್ಷಗಳು ಕಳೆದವು. ಎರಡನೆಯ ಭಾಗ ಬರುವ ತಾರೀಖು ಗೊತ್ತಾದಾಗ ಅಂಬಿಕಾ ಬಸುರಿ. ಬೆರಳು ಮಡಚಿ ಲೆಕ್ಕ ಹಾಕಿದಳು. ಆ ಹೊತ್ತಿಗೆ ಅವಳು ತವರಿನಲ್ಲಿ ಬಾಣಂತಿ. “ಛಲೋ ಆತು ಬಿಡು, ಬಾಣಂತನದಾಗ ಏನ ಕೆಲಸ ಇರತೈತಿ? ಮಕ್ಕೊಂಡ ನೋಡತೇನಿ” ಎಂದು ಶಬಾನಾಳಿಗೆ ಹೇಳಿ ನಕ್ಕಳು. ಪಾಪ, ಅವಳು ತನ್ನ ಅವ್ವನನ್ನು ಮರೆತಿದ್ದಳು.

ಅವ್ವ ಎಂದರೆ ಶಿವಗಂಗವ್ವ. ಓಣಿಯಲ್ಲಿ ಯಾರಿಗೆ ಹೆರಿಗೆಯಾದರೂ ಅಂಟಿನ ಉಂಡಿಯ ಹದ ಕೇಳಲು ಬರುವುದು ಅವಳ ಹತ್ತಿರವೇ. ಮಗಳು ಕೂಸಿನ ಜೊತೆ ಆಸ್ಪತ್ರೆಯಿಂದ ಬಂದ ದಿನ ಒಳಗಿನ ಖೋಲಿ ಸಿದ್ಧವಾಗಿತ್ತು. ಗಾಳಿ ಬರಬಾರದೆಂದು ಕಿಟಕಿಗೆ ಗೋಣಿತಟ್ಟು ಬಡಿದಾಗಿತ್ತು. ಬಾಣಂತಿ ಮಲಗುವ ಹೊರಸಿನ ಕೆಳಗೆ ಕೆಂಡದ ಬೋಗುಣಿ ಇತ್ತು. ಮಗಳ ಕಿವಿಗೆ ಹತ್ತಿ ತುರುಕಿ, ತಲೆಗೆ ಬಿಗಿಯಾಗಿ ಅರಿವೆ ಕಟ್ಟಿ, ಶಿವಗಂಗವ್ವ ಅಳಿಯನ ಮುಂದೆ ಕೈಚಾಚಿದಳು.

“ಮೊಬೈಲ ನೀವ ಒಯ್ರಿ. ಬಾಣಂತಿ ಕಣ್ಣಿಗೆ ಬೆಳಕ ಬಡದ್ರ ನರ ಸೋಲತಾವ. ಮೂರು ತಿಂಗಳ ಇದರ ಸುದ್ದಿ ಬ್ಯಾಡ.”

ವೀರೇಶ ಅತ್ತೆಯ ಎದುರಿಗೇ ನನ್ನನ್ನು ಜೇಬಿಗೆ ಹಾಕಿಕೊಂಡ. ಕೂಸನ್ನು ನೋಡುವ ನೆವದಲ್ಲಿ ಬಗ್ಗಿ ನನ್ನನ್ನೂ ಚಾರ್ಜರನ್ನೂ ತೊಟ್ಟಿಲಿನ ಅರಿವೆಗಳ ಕೆಳಗೆ ಸರಿಸಿ, ಹೆಂಡತಿಗೆ ಕಣ್ಣು ಮಿಟುಕಿಸಿ ಹೋದ. ಅಂಥ ದೊಡ್ಡ ಉಪಕಾರವನ್ನು ಅವನು ಬೇರೆ ಯಾವಾಗಲೂ ಮಾಡಿದ್ದು ನಾನು ಕಾಣೆ.

ಹೀಗೆ ನಾನು ತೊಟ್ಟಿಲಿನ ತಳದ ಕೈದಿಯಾದೆ. ಮೇಲೆ ಕೂಸು, ಕೆಳಗೆ ನಾನು. ಕೂಸು ಒದ್ದರೆ ಒದೆ, ಉಚ್ಚೆ ಹೊಯ್ದರೆ ಅದೇ ಸ್ನಾನ. ಹೊತ್ತಿಗೆ ಸರಿಯಾಗಿ ಲೋಬಾನದ ಹೊಗೆ. ಮಧ್ಯಾಹ್ನ ಶಿವಗಂಗವ್ವ ಅಡುಗೆಮನೆಯಲ್ಲಿ ಬಳ್ಳೊಳ್ಳಿ ಸಾರು ಕುದಿಸುವಾಗ ಅಂಬಿಕಾ ನನ್ನನ್ನು ಮೆಲ್ಲಗೆ ಹೊರತೆಗೆಯುತ್ತಿದ್ದಳು. ‘ಮುಚ್ಚಿದ ಮಹಡಿ’ ಮರಳಿ ಬಂದಿತ್ತು. ಕಿವಿಗೆ ಹತ್ತಿ ಇದ್ದರೇನು? ಕಥೆ ಕಣ್ಣಿನಿಂದಲೇ ಓದುವಂಥದು. ಸದ್ದು ಪೂರ್ತಿ ತಗ್ಗಿಸಿ, ನನ್ನನ್ನು ಕೂಸಿನ ತಲೆಗೆ ಹೊದಿಸುವ ಕುಂಚಿಗೆಯ ಮಡಿಕೆಯಲ್ಲಿ ಹಿಡಿದು ನೋಡುತ್ತಿದ್ದಳು.

ಆದರೆ ಅವಳು ಬಸ್ಸಿನ ಅಂಬಿಕಾ ಆಗಿ ಉಳಿದಿರಲಿಲ್ಲ. ಕೂಸು ಅತ್ತರೆ ಬೆಚ್ಚುತ್ತಿದ್ದಳು. ಹಾಲುಣಿಸುವಾಗ ಗೋಡೆ ನೋಡುತ್ತಿದ್ದಳು. ಕಾರಣವಿಲ್ಲದೆ ಕಣ್ಣೀರು ಹರಿದು ನನ್ನ ಗಾಜಿನ ಮೇಲೆ ಬೀಳುತ್ತಿತ್ತು. ‘ಶಬಾನಾ, ನನಗ ಏನೋ ಆಗೇತಿ’ ಎಂದು ಬರೆಯುತ್ತಿದ್ದಳು, ಕಳಿಸದೆ ಅಳಿಸುತ್ತಿದ್ದಳು. ಹೊರಗಿನವರಿಗೆಲ್ಲ ಅವಳು ಗಂಡು ಹಡೆದ ಭಾಗ್ಯವಂತೆ. ಅಳಿಸಿದ ಆ ಸಾಲು ಗೊತ್ತಿದ್ದುದು ನನಗೆ ಮಾತ್ರ. ಬಾಯಿ ಬಿಟ್ಟು ಹೇಳು, ತಾಯಿ, ಇಲ್ಲವಾದರೆ ಈ ಖೋಲಿ ನಿನ್ನನ್ನು ನುಂಗುತ್ತದೆ ಎಂದು ಕೂಗಬೇಕೆನಿಸುತ್ತಿತ್ತು. ನನ್ನ ಸದ್ದನ್ನೂ ಅವಳೇ ತಗ್ಗಿಸಿದ್ದಳಲ್ಲ.

ಹೇ-ರಿನ್ ಆ ಕೋಣೆಯಿಂದ ಪಾರಾಗಲು ಕಂತು ಕಂತಿಗೂ ಒದ್ದಾಡುತ್ತಿದ್ದಳು. ಅಂಬಿಕಾಳಿಗೆ ಅವಳೇ ಆಸರೆ. “ಆಕಿ ಹೊರಗ ಬಂದ್ರ ನಾನೂ ಬರ್ತೇನಿ” ಎಂದು ಒಂದು ದಿನ ನನ್ನ ಮುಂದೆಯೇ ಪಿಸುಗುಟ್ಟಿದಳು. ಆ ಮಾತಿಗೆ ನಾನು ಹೆದರಿದೆ. ಕಥೆಯವರು ಕೊನೆಗೆ ಹೇ-ರಿನ್‌ಳನ್ನು ಸಾಯಿಸಿದರೆ ಇವಳ ಗತಿ ಏನು?

ಕೊನೆಯ ಕಂತು ಅರ್ಧವಾಗಿತ್ತು. ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದ ಅಂಬಿಕಾಳಿಗೆ ಜೋಂಪು ಹತ್ತಿತು. ನಾನು ಕುಂಚಿಗೆಯ ಮಡಿಕೆಯಲ್ಲೇ ಉಳಿದೆ. ಶಿವಗಂಗವ್ವನ ಪದ್ಧತಿ ಏನೆಂದರೆ, ಕೂಸಿಗೆ ನೀರು ಎರೆಯುವ ಮೊದಲು ಅದರ ಅರಿವೆಗಳನ್ನೆಲ್ಲ ಬಾಚಿಕೊಂಡು, ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಹರವಿ ಹೊಗೆ ತೋರಿಸುವುದು. ಅಂದು ಬಾಚಿದ ಅರಿವೆಗಳಲ್ಲಿ ನಾನೂ ಇದ್ದೆ. ಬುಟ್ಟಿಯ ಸಂದಿನಿಂದ ಶಾಖ ಏರಿತು. ಅಯ್ಯೋ ಶಿವನೇ, ಬದುಕು ಮುಗಿಯಿತು ಎಂದುಕೊಂಡೆ. ಹಪ್ಪಳ ಕೂಡ ಇಷ್ಟು ಕಷ್ಟಪಟ್ಟು ಸುಡುವುದಿಲ್ಲ. ಹೊಟ್ಟೆಯೊಳಗಿನ ಬ್ಯಾಟರಿ ಉಬ್ಬತೊಡಗಿತು.

ಕುಂಚಿಗೆಯನ್ನು ಹೊರಳಿಸಲು ಬಂದ ಶಿವಗಂಗವ್ವನ ಕೈಗೆ ನಾನು ಸಿಕ್ಕೆ. “ಇದೇನಿದು! ಕೂಸಿನ ಅರಿವ್ಯಾಗ ಮೊಬೈಲ!” ಎಂದು ಚೀರಿ ನನ್ನನ್ನು ಖೋಲಿಗೆ ಹೊತ್ತು ತಂದಳು. ಅವಳ ಬೆರಳು ತಾಗಿ ನಿಂತಿದ್ದ ಚಿತ್ರ ಮತ್ತೆ ಓಡಿತು. ಹೇ-ರಿನ್ ಎರಡೂ ಕೈಯಿಂದ ಬಾಗಿಲು ಬಡಿಯುತ್ತಿದ್ದಳು. ಬೈಯಲು ತೆರೆದ ಶಿವಗಂಗವ್ವನ ಬಾಯಿ ಹಾಗೆಯೇ ನಿಂತಿತು.

“ಈಕೀನ ಯಾರ ಇಟ್ಟಾರ ಒಳಗ?”

ಎಚ್ಚರಗೊಂಡ ಅಂಬಿಕಾ ಎದ್ದು ಕುಳಿತು, “ಇನ್ನೂ ಗೊತ್ತಾಗಿಲ್ಲವ್ವಾ” ಎಂದಳು.

“ಇಷ್ಟು ಬಡಿಯಾಕತ್ತಾಳ, ಒಬ್ಬರಿಗೂ ಕೇಳಂಗಿಲ್ಲೇನು?”

“ನಂದರ ಯಾರಿಗೆ ಕೇಳತೈತಿ?”

“ನಿನ್ನ ಯಾರ ಕೀಲಿ ಹಾಕಿ ಕುಂದ್ರಿಸ್ಯಾರ, ಹುಚ್ಚಿ?”

“ಕೀಲಿ ಇಲ್ಲವ್ವಾ. ಆದ್ರ ಉಸರ ಕಟ್ಟತೈತಿ. ಕೂಸಿನ ಮುಖ ನೋಡಿದ್ರ ಅಳು ಬರ್ತೈತಿ. ಎಲ್ಲಾರೂ ಖುಷಿ ಪಡು ಅಂತಾರ, ನನಗ ಆಗವಲ್ತು. ನಾ ಕೆಟ್ಟ ತಾಯಿ ಅದೀನೋ ಏನೋ.”

ಶಿವಗಂಗವ್ವ ಹೊರಸಿನ ಪಕ್ಕ ನೆಲದ ಮೇಲೆ ಕುಳಿತುಬಿಟ್ಟಳು. ನಾನು ಅವಳ ಮಡಿಲಲ್ಲಿದ್ದೆ.

“ನೀ ಹುಟ್ಟಿದಾಗ ನನ್ನ ತವರಾಗೂ ಇಂಥದ್ದ ಖೋಲಿ. ನಿನ್ನ ತೊಟ್ಟಲದಾಗ ಹಾಕಿ, ಬಸ್ ಸ್ಟ್ಯಾಂಡಿಗೆ ಓಡಿ ಹೋಗಿ, ಯಾವ್ದರ ಒಂದ್ ಬಸ್ ಹತ್ತಬೇಕು ಅನಸ್ತಿತ್ತು. ಯಾರ ಮುಂದೂ ಹೇಳಲಿಲ್ಲ. ಹೇಳಿದ್ರ ದೆವ್ವ ಬಡದೈತಿ ಅಂತಿದ್ರು. ನಾ ಏನ್ ಕೆಟ್ಟ ತಾಯಿ ಆದ್ನೇನು, ಹೇಳು?”

ಅಂಬಿಕಾ ಅವ್ವನ ಹೆಗಲಿಗೆ ಮುಖ ಒತ್ತಿ ಅತ್ತಳು. ನನಗೆ ಅಷ್ಟು ನೆಮ್ಮದಿ ಎಂದೂ ಆಗಿರಲಿಲ್ಲ. ಕೊನೆಗೂ ಅವಳು ಬಾಯಿ ಬಿಟ್ಟಿದ್ದಳು. ನಾಳೆಯೇ ಡಾಕ್ಟರಮ್ಮನಿಗೆ ಇದನ್ನೆಲ್ಲ ಹೇಳೋಣ ಎಂದು ಶಿವಗಂಗವ್ವ ಸಮಾಧಾನ ಮಾಡುತ್ತಿದ್ದಳು. ಅಷ್ಟರಲ್ಲಿ ಕಾವು ನನ್ನ ನೆತ್ತಿಗೇರಿತು. ಹೇ-ರಿನ್ ಬಾಗಿಲಿನ ಹಿಡಿಕೆಗೆ ಕೈ ಹಾಕಿದ್ದಳು. ಪರದೆ ಆರಿತು.

“ಅಯ್ಯೋ, ಹೋತಲ್ಲವ್ವಾ! ಆಕೀಗೆ ಏನಾತು ಅಂತ ಇನ್ನ ಹೆಂಗ ಗೊತ್ತಾಗಬೇಕು?” ಎಂದು ಅಂಬಿಕಾ ಚಿಕ್ಕ ಹುಡುಗಿಯ ಹಾಗೆ ಬಿಕ್ಕಿದಳು.

“ಸತ್ತಿದ್ದು ಮೊಬೈಲ, ನೀ ಅಲ್ಲ. ಏಳು. ಹೊರಗಿನ ಟಿವಿಯಾಗ ಬರ್ತೈತಿಲ್ಲೋ ಇದು?”

“ಬರ್ತೈತಿ. ಆದ್ರ ಗಂಗಿ ಪೂಜಿ ಆಗೂತನ ಹೊಸ್ತಲಾ ದಾಟಬಾರದಲ್ಲ?”

ಸರಿಯಾದ ಮಾತೇ. ಬಾಣಂತಿ ನೀರಿಗೆ ಪೂಜೆ ಮಾಡಿಯೇ ಹೊರಗೆ ಬರಬೇಕು, ಅದಕ್ಕಿನ್ನೂ ಬಹಳ ದಿನವಿತ್ತು. ಶಿವಗಂಗವ್ವ ಎದ್ದಳು. ಅಡುಗೆಮನೆಗೆ ಹೋಗಿ ಒಂದು ತಂಬಿಗೆ ನೀರು ತಂದು ಹೊಸ್ತಿಲ ಮೇಲೆ ಇಟ್ಟಳು. ತಂಬಿಗೆಗೆ ಕುಂಕುಮ ಹಚ್ಚಿ, ಮಗಳ ಕೈಯಿಂದ ಎರಡು ಕಾಳು ಅಕ್ಕಿ ಹಾಕಿಸಿದಳು. “ಗಂಗಿ ತಾಯಿನೂ ಹೆಣ್ಣು, ತಿಳಕೋತಾಳ” ಎಂದು ಕೈಮುಗಿದಳು. ಆಮೇಲೆ ಮಗಳ ತಲೆಯ ಅರಿವೆಯನ್ನು ಇನ್ನಷ್ಟು ಬಿಗಿದಳು. ಅದರಲ್ಲಿ ಮಾತ್ರ ರಿಯಾಯಿತಿ ಇರಲಿಲ್ಲ. ಕೂಸನ್ನು ತಾನೇ ಎತ್ತಿಕೊಂಡು ಹೊರಟಳು.

ಹೊರಗೆ ಅಂಬಿಕಾಳ ಅಪ್ಪನ ಕುರ್ಚಿ ಸರಿದ ಸದ್ದಾಯಿತು. “ಬಾಣಂತಿ ಹೊರಗ ಬಂದ್ಲಲ್ಲ!” ಎಂದರು. “ನಿಮ್ಮ ಸುದ್ದಿ ನಾಳೆ ನೋಡೀರಂತ, ರಿಮೋಟ ಕೊಡ್ರಿ” ಎಂದಳು ಶಿವಗಂಗವ್ವ. ಆಮೇಲೆ ಅಂಬಿಕಾ ಇಂಗ್ಲಿಷ್ ಸಾಲುಗಳನ್ನು ಕನ್ನಡದಲ್ಲಿ ಹೇಳುವ ದನಿ ಗೋಡೆಯಾಚೆಯಿಂದ ಬರತೊಡಗಿತು. ಮಾತು ತಿಳಿಯುತ್ತಿರಲಿಲ್ಲ. ನಡುವೆ ಒಮ್ಮೆ ಅವಳು ನಕ್ಕಿದ್ದು ತಿಳಿಯಿತು. ನನ್ನನ್ನು ಖಾಲಿ ಹೊರಸಿನ ಮೇಲೆ ಎಲ್ಲರೂ ಮರೆತಿದ್ದರು.

ಆಮೇಲೆ ನಾನು ಚೇತರಿಸಿಕೊಳ್ಳಲಿಲ್ಲ. ವೀರೇಶ ರಿಪೇರಿಗೆ ಒಯ್ದ, ಅಂಗಡಿಯವನು ಉಬ್ಬಿದ ಬ್ಯಾಟರಿ ಕಿತ್ತು ಕೈಚೆಲ್ಲಿದ. ಎಸೆಯಲು ಹೊರಟವನ ಕೈಯಿಂದ ಶಿವಗಂಗವ್ವ ನನ್ನನ್ನು ಕಸಿದುಕೊಂಡು, ಕುಂಚಿಗೆಯಲ್ಲೇ ಸುತ್ತಿ, ಬಾಣಂತಿ ಖೋಲಿಯ ಟ್ರಂಕಿನಲ್ಲಿಟ್ಟಳು. ನನ್ನ ಪಾಡು ಡಬ್ಬಿಯಲ್ಲಿ ಶುರುವಾಗಿ ಟ್ರಂಕಿನಲ್ಲಿ ನಿಂತಿತು. ಅಂಬಿಕಾ ಮತ್ತೆ ಶಾಲೆಗೆ ಹೋಗುತ್ತಾಳಂತೆ, ಮಗ ಅಂಗಳದಲ್ಲಿ ಓಡಾಡುತ್ತಾನಂತೆ. ಮುಚ್ಚಳದ ಕೆಳಗೆ ಇಷ್ಟು ಸುದ್ದಿ ಬರುತ್ತದೆ.

ಈಗ ಶಿವಗಂಗವ್ವನ ಕಿರಿಯ ಮಗಳು ಕಾವೇರಿ ಇದೇ ಖೋಲಿಯಲ್ಲಿ ಬಾಣಂತಿ. ಕುಂಚಿಗೆಗಾಗಿ ಟ್ರಂಕು ತೆರೆದಾಗ ನೋಡಿದೆ, ಕಿಟಕಿಗೆ ಗೋಣಿತಟ್ಟು ಇಲ್ಲ. ಶಿವಗಂಗವ್ವ ಅವಳ ತಲೆಗೆ ಅರಿವೆ ಕಟ್ಟುತ್ತ ದಿನಕ್ಕಿಷ್ಟು ‘ಮುಚ್ಚಿದ ಮಹಡಿ’ ಕಥೆ ಹೇಳುತ್ತಾಳೆ. ಕೊರಿಯಾದ ಹೆಸರುಗಳೆಲ್ಲ ಅವಳ ಬಾಯಲ್ಲಿ ಗದಗಿನವಾಗಿವೆ. ಹೇ-ರಿನ್ ಈಗ ಹೇಮವ್ವ. ನಿನ್ನೆ ಕಥೆ ಬಾಗಿಲಿನ ಹಿಡಿಕೆಯ ತನಕ ಬಂತು. ನಾನು ಟ್ರಂಕಿನೊಳಗೆ ಉಸಿರು ಬಿಗಿಹಿಡಿದೆ.

“ಮುಂದ ಹೇಳವ್ವಾ, ಬಾಗಲಾ ತಗೀತಿಲ್ಲೋ?” ಎಂದಳು ಕಾವೇರಿ. ಅವಳ ದನಿಯೂ ಅತ್ತ ದನಿಯೇ.

“ಅದನ್ನ ನಾ ಹೇಳಂಗಿಲ್ಲ. ಹೊರಗ ಬಂದು ನೋಡು.”

ಹೊಸ್ತಿಲ ಮೇಲೆ ತಂಬಿಗೆ ಇಟ್ಟ ಸದ್ದಾಯಿತು. ಹೊರಸು ಕಿರುಗುಟ್ಟಿತು. ಹೆಜ್ಜೆಗಳು ಒಂದೊಂದಾಗಿ ಹೊರಗೆ ಹೋದವು. ಹೇ-ರಿನ್‌ಳ ಗತಿ ಏನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಈ ಖೋಲಿಯಲ್ಲಿ ಕುಳಿತವರಿಗೆ ಶಿವಗಂಗವ್ವ ಅದನ್ನು ಹೇಳುವುದೂ ಇಲ್ಲ.