ಹಲ್ಲಿನ ಗಾರ್ಡು

ಕಬಡ್ಡಿ ಪಂದ್ಯದಲ್ಲಿ ಅಮೃತಾಳ ಮುಂದಿನ ಹಲ್ಲು ಮುರಿದ ಮೇಲೆ ಕೋಚ್ ಒಂದು ಹಲ್ಲಿನ ಗಾರ್ಡು ಕೊಟ್ಟಿದ್ದರು. ಅದನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಹಲ್ಲಿಗೆ ಸರಿಯಾಗಿ ಕೂರುವಂತೆ ಕಚ್ಚಿಕೊಂಡು, ಅಂಗಳದಲ್ಲಿ ಗೆರೆ ಎಳೆದು, 'ಕಬಡ್ಡಿ ಕಬಡ್ಡಿ' ಎನ್ನುತ್ತ ಓಡಿದಳು. ನಾಲಿಗೆ ತೊದಲಿತು, ಜೊಲ್ಲು ಸುರಿಯಿತು. ಗೆರೆಗೆ ಮರಳುವ ಮೊದಲೇ ಉಸಿರು ಮುಗಿಯಿತು. ಸಿಟ್ಟಿನಿಂದ ಗಾರ್ಡನ್ನು ಉಗುಳಿದಳು.

"ಹಲ್ಲು ಹೋದ್ರ ಹೋಗ್ಲಿ ಯವ್ವಾ, ಇದನ್ನ ಹಾಕ್ಕೊಂಡ್ರ ಉಸಿರಾಡಾಕ ಆಗಂಗಿಲ್ಲ!"

ತಾಯಿ ಯಮನೂರಮ್ಮ ಬಾಗಿಲತ್ತ ತಿರುಗಿ ನೋಡಿದಳು. ಒಳಗೆ ಹೊರಸಿನ ಮೇಲೆ, ಗಿಣಿಗೇರಾದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕಬ್ಬಿಣದ ದೂಳು ಕುಡಿದ ಗಂಡ ಹೇಮಪ್ಪ ಮಲಗಿ ಕೆಮ್ಮುತ್ತಿದ್ದ. ಕೆಲಸದಲ್ಲಿ ಕೊಟ್ಟ ಮಾಸ್ಕು ಇನ್ನೂ ಹೊಸದಾಗಿಯೇ ಗೂಟಕ್ಕೆ ತೂಗುತ್ತಿತ್ತು.

ಅವಳು ಗಾರ್ಡನ್ನು ಎತ್ತಿ, ತೊಳೆದು, ಮಗಳ ಕೈಗಿಟ್ಟಳು.

"ಮಾಸ್ಕ್ ಹಾಕ್ಕೋರಿ ಅಂದ್ರ ನಿಮ್ಮಪ್ಪನೂ ಇದ ಮಾತು ಹೇಳ್ತಿದ್ರು."